ಕೋಳಿಗೆ ಅರಿಶಿನ, ಮೆಣಸು, ಕಿರುನೆಲ್ಲಿ: ಎಷ್ಟು ನಂಬಬೇಕು?



ರಾಜ್ಯೋತ್ಸವ, ದತ್ತಿ ಉಪನ್ಯಾಸ, ಕನ್ನಡ ಶಾಲೆಗಳ ದಾಖಲಾತಿ ಎಂದು ಬರೆಯುತ್ತಿದ್ದ ಕಾರ್ಯದರ್ಶಿ ಈ ಸಲ ಕೋಳಿಯ ಬಗ್ಗೆ ಬರೆದಿದ್ದಾನಲ್ಲ ಎಂದು ಕೆಲವರಿಗೆ ನಗು ಬರಬಹುದು. ಬರಲಿ. ಬೇಸಿಗೆ ಹತ್ತಿರವಾದಂತೆ ಸಂಘದ ಫೋನಿಗೆ ಬರುವ ಕರೆಗಳಲ್ಲಿ ಸಮ್ಮೇಳನದ ವಿಚಾರಕ್ಕಿಂತ "ಕೋಳಿಗಳು ತೂಕಡಿಸ್ತಾ ಇವೆ, ಮೊಬೈಲಿನಲ್ಲಿ ಬಂದ ಆ ಸೊಪ್ಪಿನ ಉಂಡೆ ಕೊಡಬಹುದಾ ಸಾರ್" ಎಂಬ ಪ್ರಶ್ನೆಯೇ ಹೆಚ್ಚು. ನಾನು ಪಶುವೈದ್ಯನಲ್ಲ. ಮೂವತ್ತು ಚಿಲ್ಲರೆ ವರ್ಷ ಕಡತ ನೋಡಿಕೊಂಡಿದ್ದ ಗುಮಾಸ್ತ. ಆದರೆ ಈ ವಿಷಯದಲ್ಲಿ ಕೈ ಸುಟ್ಟುಕೊಂಡವನು. ಆಮೇಲೆ ಪಶು ಆಸ್ಪತ್ರೆಗೆ ಅಲೆದು, ಕೇಳಿ, ಓದಿ ಒಂದು ನೋಟುಬುಕ್ಕು ತುಂಬಿಸಿದ್ದೇನೆ. ಅದರಲ್ಲಿ ಖಚಿತವಾಗಿರುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೈ ಸುಟ್ಟುಕೊಂಡ ಕಥೆ ಮೊದಲು. ನಿವೃತ್ತಿಯಾದ ಮೇಲೆ ಹಿತ್ತಲಲ್ಲಿ ನನ್ನ ಹೆಂಡತಿ ನಾಟಿ ಕೋಳಿ ಸಾಕಲು ಶುರು ಮಾಡಿದಳು. ಮೂರು ವರ್ಷದಲ್ಲಿ ಎರಡು ಹೇಂಟೆ ಇಪ್ಪತ್ತಮೂರು ಕೋಳಿಯಾದವು. ಮೊಟ್ಟೆಯ ದುಡ್ಡು ಅವಳದು, ಅದರ ಲೆಕ್ಕ ನಾನು ಕೇಳುವಂತಿರಲಿಲ್ಲ. ಲಸಿಕೆ ಹಾಕಿಸಬೇಕು ಎಂದು ಅವಳು ಎರಡು ಸಲ ಹೇಳಿದಳು. ನಾನು ಪೇಟೆಯ ಒಂದು ಅಂಗಡಿಯಲ್ಲಿ ಗಿಡಮೂಲಿಕೆಯ ದ್ರಾವಣದ ಬಾಟಲಿ ತಂದೆ. "ಇದನ್ನು ನೀರಿಗೆ ಹಾಕಿ ಸಾರ್, ಸೂಜಿ ಗೀಜಿ ಏನೂ ಬೇಡ, ಯಾವ ವೈರಸ್ಸೂ ಹತ್ತಿರ ಬರಲ್ಲ" ಎಂದಿದ್ದ ಅಂಗಡಿಯವನ ಮಾತು ನನಗೆ ಅನುಕೂಲವಾಗಿತ್ತು, ಆದ್ದರಿಂದ ನಂಬಿದೆ. ನಾಲ್ಕು ತಿಂಗಳು ತಪ್ಪದೆ ಹಾಕಿದೆವು. ಕೋಳಿಗಳು ಚೆನ್ನಾಗಿಯೇ ಇದ್ದವು, ಮೇವು ಚೆನ್ನಾಗಿ ತಿಂದವು. ಮಾರ್ಚಿಯಲ್ಲಿ ಸಂತೆಯಿಂದ ಒಂದು ಹುಂಜ ತಂದು ಬಿಟ್ಟೆವು. ಐದನೆಯ ದಿನ ಅದು ಮಂಕಾಯಿತು. ಒಂಬತ್ತು ದಿನದಲ್ಲಿ ಹತ್ತೊಂಬತ್ತು ಕೋಳಿ ಹೋದವು. ಬಾಟಲಿಯಲ್ಲಿ ಇನ್ನೂ ಅರ್ಧ ದ್ರಾವಣ ಉಳಿದಿತ್ತು.

ಹಾಗೆಂದು ಗಿಡಮೂಲಿಕೆ ಎಲ್ಲ ಮೋಸ ಎಂದು ನಾನು ಹೇಳುವುದಿಲ್ಲ. ಇವತ್ತಿಗೂ ನಮ್ಮ ಮನೆಯ ಕೋಳಿಗೆ ಅರಿಶಿನ, ನುಗ್ಗೆಸೊಪ್ಪು, ಬೆಳ್ಳುಳ್ಳಿ ಹಾಕುತ್ತೇವೆ. ಆದರೆ ಯಾವ ಕೆಲಸಕ್ಕೆ ಹಾಕುತ್ತೇವೆ ಎಂಬುದು ಈಗ ಗೊತ್ತಿದೆ. ಆ ವ್ಯತ್ಯಾಸ ಹೇಳುವುದಕ್ಕೇ ಈ ಲೇಖನ.

ಮೊದಲು ರೋಗದ ಹೆಸರು. ಗಡಿಯಲ್ಲಿರುವ ನಮಗೆ ಇದೇ ದೊಡ್ಡ ತೊಡಕು. ಕನ್ನಡದಲ್ಲಿ ಕೊಕ್ಕರೆ ರೋಗ ಎನ್ನುವುದನ್ನು ಆದವಾನಿ, ರಾಯದುರ್ಗದ ಕಡೆ ತೆಲುಗಿನಲ್ಲಿ ಕೊಕ್ಕೆರ ತೆಗುಲು ಎನ್ನುತ್ತಾರೆ. ಸೊಲ್ಲಾಪುರ, ಜತ್ತದ ಕಡೆ ಮರಾಠಿಯಲ್ಲಿ ಮಾನಮೋಡಿ, ಅಂದರೆ ಕತ್ತು ತಿರುಚುವ ರೋಗ. ಕಾಸರಗೋಡಿನ ಸರ್ಕಾರಿ ಕರಪತ್ರದಲ್ಲಿ ಅದೇ ಕೋಳಿವಸಂತ. ನಮ್ಮ ಹೊಸೂರು, ತಾಳವಾಡಿಯಲ್ಲಿ ತಮಿಳಿನ ವೆಳ್ಳೈ ಕಳಿಚ್ಚಲ್, ಅಂದರೆ ಬಿಳಿ ಭೇದಿ. ಪಶುವೈದ್ಯರ ಬಾಯಲ್ಲಿ ಎಲ್ಲ ಕಡೆಯೂ ರಾಣಿಖೇತ್. ಆರೂ ಹೆಸರು ಒಂದೇ ವೈರಸ್ಸಿನದು. "ನಮ್ಮ ಕೋಳಿಗೆ ಬಂದಿರೋದು ಕೊಕ್ಕರೆ ರೋಗ, ಅವರು ಸೂಜಿ ಹಾಕ್ತಿರೋದು ಬಿಳಿ ಭೇದಿಗೆ" ಎಂದು ತಾಳವಾಡಿ ಕಡೆಯ ಒಬ್ಬ ಸದಸ್ಯರು ಶಿಬಿರಕ್ಕೆ ಹೋಗದೆ ಉಳಿದಿದ್ದರು. ಹೆಸರು ತಿಳಿಯದೆ ಕೋಳಿ ಕಳೆದುಕೊಂಡವರು ಅವರೊಬ್ಬರೇ ಇರಲಾರರು.

ರಾಣಿಖೇತ್ ಎಂಬುದು ಉತ್ತರಾಖಂಡದ ಕುಮಾವೂನ್ ಬೆಟ್ಟಗಳ ಒಂದು ಊರು. 1927ರ ಸುಮಾರಿಗೆ ಭಾರತದಲ್ಲಿ ಈ ರೋಗವನ್ನು ಅಲ್ಲಿ ಗುರುತಿಸಿದ್ದರಿಂದ ಆ ಹೆಸರು ಬಂತು. ಅದೇ ಕಾಲಕ್ಕೆ ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನಲ್ಲೂ ಕಂಡಿದ್ದರಿಂದ ಹೊರದೇಶಗಳಲ್ಲಿ ನ್ಯೂಕ್ಯಾಸಲ್ ರೋಗ ಎನ್ನುತ್ತಾರೆ. ವೈರಸ್ಸು ಒಳಹೊಕ್ಕ ಮೇಲೆ ಎರಡರಿಂದ ಹದಿನೈದು ದಿನದೊಳಗೆ, ಸಾಮಾನ್ಯವಾಗಿ ಐದಾರು ದಿನಕ್ಕೆ ಲಕ್ಷಣ ಕಾಣುತ್ತದೆ. ಕೋಳಿ ರೆಕ್ಕೆ ಇಳಿಬಿಟ್ಟು ಮೂಲೆ ಸೇರುತ್ತದೆ, ಬಾಯಿ ತೆರೆದು ಉಸಿರೆಳೆಯುತ್ತದೆ, ಹಸಿರು ಬಿಳಿ ಮಿಶ್ರಿತ ನೀರುಭೇದಿ ಆಗುತ್ತದೆ. ಕೆಲವಕ್ಕೆ ಕತ್ತು ತಿರುಚಿಕೊಳ್ಳುತ್ತದೆ, ಕಾಲು ಸೋಲುತ್ತದೆ. ಉಗ್ರವಾದ ತಳಿಯ ವೈರಸ್ಸಾದರೆ ಲಸಿಕೆ ಇಲ್ಲದ ಹಿಂಡಿನಲ್ಲಿ ನೂರಕ್ಕೆ ತೊಂಬತ್ತು, ಕೆಲವೊಮ್ಮೆ ಪೂರ್ತಿ ಹಿಂಡೇ ಹೋಗುತ್ತದೆ. ಬಂದ ಮೇಲೆ ಇದಕ್ಕೆ ಔಷಧವಿಲ್ಲ, ಇಂಗ್ಲಿಷ್ ಔಷಧವೂ ಇಲ್ಲ.

ಈಗ ಮೊಬೈಲಿನ ಉಂಡೆಗೆ ಬರೋಣ. ಜೀರಿಗೆ, ಕಾಳುಮೆಣಸು, ಅರಿಶಿನ, ಬೆಳ್ಳುಳ್ಳಿ, ಸಣ್ಣ ಈರುಳ್ಳಿ, ಜೊತೆಗೆ ಕೀಳಾನೆಲ್ಲಿ ಎಂಬ ಸೊಪ್ಪು. ಇವನ್ನು ಅರೆದು ಸಣ್ಣ ಉಂಡೆ ಮಾಡಿ ಕೋಳಿಗೆ ನುಂಗಿಸುವುದು, ಇಲ್ಲವೇ ಅಕ್ಕಿನುಚ್ಚಿಗೆ ಕಲಸಿ ಕೊಡುವುದು. ಇದು ಯಾರೋ ಹುಚ್ಚರು ಬರೆದು ಕಳಿಸಿದ್ದಲ್ಲ. ತಮಿಳುನಾಡು ಪಶುವೈದ್ಯ ವಿಶ್ವವಿದ್ಯಾಲಯದವರು ತಂಜಾವೂರಿನ ಕೇಂದ್ರದಲ್ಲಿ ಹಳ್ಳಿಯ ನಾಟಿ ಪಶುವೈದ್ಯವನ್ನು ಕಲೆಹಾಕಿ, ರೈತರಿಗೆ ತರಬೇತಿ ಕೊಡುತ್ತ ಬಂದ ಕೆಲಸದಿಂದ ಹರಡಿದ ಪದ್ಧತಿ ಅದು. ಹೆಸರುಗಳು ತಮಿಳಿನಲ್ಲಿರುವುದರಿಂದ ನಮ್ಮವರು ಗೊಂದಲಪಡುತ್ತಾರೆ. ಸೀರಗಂ ಎಂದರೆ ಜೀರಿಗೆ, ಮಿಳಗು ಎಂದರೆ ಕಾಳುಮೆಣಸು, ಮಂಜಳ್ ಎಂದರೆ ಅರಿಶಿನ. ನಿಲವೇಂಬು ಎಂದರೆ ಬೇವಲ್ಲ, ನೆಲಬೇವು, ಅದು ಬೇರೆ ಸಸ್ಯ. ಕೀಳಾನೆಲ್ಲಿ ಎಂದರೆ ನಮ್ಮ ಕಿರುನೆಲ್ಲಿ ಅಥವಾ ನೆಲನೆಲ್ಲಿ, ಎಲೆಗಳ ಅಡಿಯಲ್ಲಿ ಸಾಲಾಗಿ ಸಾಸಿವೆ ಗಾತ್ರದ ಕಾಯಿ ಬಿಡುವ ಗೇಣುದ್ದದ ಗಿಡ. ಮಳೆ ಬಿದ್ದ ಮೇಲೆ ಹಿತ್ತಲಲ್ಲಿ ತಾನೇ ಹುಟ್ಟುತ್ತದೆ. ಯಾರಾದರೂ ದೊಡ್ಡ ನೆಲ್ಲಿಕಾಯಿ ಒಣಗಿಸಿ ಪುಡಿ ಮಾಡಿ ಹಾಕಿದ್ದರೆ, ಹಾನಿಯಿಲ್ಲ, ಆದರೆ ಹೇಳಿದ್ದು ಅದಲ್ಲ.

ಈ ಸಾಮಾನುಗಳಲ್ಲಿ ಏನಿದೆ? ಅರಿಶಿನದಲ್ಲಿ ಕರ್ಕ್ಯುಮಿನ್ ಎಂಬ ಹಳದಿ ವಸ್ತು ಇದೆ. ಉರಿಯೂತ ತಗ್ಗಿಸುವ ಗುಣ ಅದಕ್ಕಿದೆ, ಆದರೆ ಹೊಟ್ಟೆಯಿಂದ ರಕ್ತಕ್ಕೆ ಅದು ಸೇರುವುದೇ ಕಷ್ಟ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಒಂದು ಪ್ರಯೋಗ ಮಾಡಿದರು. ಮನುಷ್ಯರಿಗೆ 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ ಖಾರದ ಅಂಶವಾದ ಪೈಪರಿನ್ ಬರೀ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಇಪ್ಪತ್ತು ಪಟ್ಟು ಏರಿತು. ಅರಿಶಿನದ ಜೊತೆ ಮೆಣಸು ಹಾಕುವ ಅಜ್ಜಿಯರ ಕಷಾಯಕ್ಕೆ ಹೀಗೆ ಲೆಕ್ಕ ಸಿಕ್ಕಿತು. ಬೆಳ್ಳುಳ್ಳಿ ಕರುಳಿನ ಕೆಟ್ಟ ಬ್ಯಾಕ್ಟೀರಿಯಾಗಳನ್ನು ಅಂಕೆಯಲ್ಲಿಡಲು ನೆರವಾಗುತ್ತದೆ. ಜೀರಿಗೆ ಹಸಿವು ತರುತ್ತದೆ. ನುಗ್ಗೆಸೊಪ್ಪು ಔಷಧಕ್ಕಿಂತ ಆಹಾರವೇ ಸರಿ. ಎ ಅನ್ನಾಂಗ, ಪ್ರೋಟೀನು ಎರಡೂ ಅದರಲ್ಲಿವೆ, ಎ ಅನ್ನಾಂಗ ಕಡಿಮೆಯಾದ ಕೋಳಿಗೆ ಕಣ್ಣು, ಗಂಟಲಿನ ಪೊರೆ ಹಾಳಾಗಿ ರೋಗಕ್ಕೆ ಬಾಗಿಲು ತೆರೆದಂತಾಗುತ್ತದೆ.

ಕಿರುನೆಲ್ಲಿಯ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ "ವೈರಸ್ಸಿಗೆ ರಾಮಬಾಣ" ಎಂಬ ಮಾತು ಅದರ ಸುತ್ತಲೇ ಹೆಚ್ಚು. ಕಾಮಾಲೆಗೆ ನಮ್ಮ ಹಳ್ಳಿಗಳಲ್ಲಿ ಅದನ್ನೇ ಅರೆದು ಮಜ್ಜಿಗೆಯಲ್ಲಿ ಕೊಡುವುದು ತಮಗೆಲ್ಲ ಗೊತ್ತು. 1988ರಲ್ಲಿ ಮದ್ರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು ಹೆಪಟೈಟಿಸ್ ಬಿ ವೈರಸ್ಸನ್ನು ಮೈಯಲ್ಲಿ ಹೊತ್ತವರಿಗೆ ಕಿರುನೆಲ್ಲಿಯ ಪುಡಿಯನ್ನು ಮೂವತ್ತು ದಿನ ಕೊಟ್ಟು ನೋಡಿದರು. ಸೊಪ್ಪು ತೆಗೆದುಕೊಂಡ 37 ಜನರಲ್ಲಿ 22 ಜನರ ರಕ್ತದಲ್ಲಿ ವೈರಸ್ಸಿನ ಗುರುತು ಇಲ್ಲವಾಯಿತು. ಬರೀ ಸಪ್ಪೆ ಮಾತ್ರೆ ನುಂಗಿದ 23 ಜನರಲ್ಲಿ ಹಾಗಾದದ್ದು ಒಬ್ಬರಿಗೆ. ಲ್ಯಾನ್ಸೆಟ್ ಎಂಬ ಹೆಸರಾಂತ ಪತ್ರಿಕೆಯಲ್ಲಿ ಅದು ಪ್ರಕಟವಾದಾಗ ಲೋಕವೆಲ್ಲ ತಿರುಗಿ ನೋಡಿತು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಅದೇ ಪರೀಕ್ಷೆ ಮಾಡಿದಾಗ ಆ ಫಲ ಬರಲಿಲ್ಲ. ಮದ್ರಾಸಿನವರು ಸುಳ್ಳು ಹೇಳಿದರು ಎಂದಲ್ಲ. ಒಂದು ಸಲ ಫಲ ಕಂಡಿತು ಎಂಬುದಕ್ಕೂ ಪ್ರತಿ ಸಲ ಕಾಣುತ್ತದೆ ಎಂಬುದಕ್ಕೂ ಬಹಳ ಅಂತರ ಇದೆ. ಜೊತೆಗೆ, ಅದು ಮನುಷ್ಯರ ಯಕೃತ್ತಿನ ವೈರಸ್ಸು, ತಿಂಗಳು ವರ್ಷಗಟ್ಟಲೆ ನಿಧಾನವಾಗಿ ಇರುವಂಥದ್ದು. ರಾಣಿಖೇತ್ ಒಂದು ವಾರದಲ್ಲಿ ಕೊಟ್ಟಿಗೆ ಖಾಲಿ ಮಾಡುವಂಥದ್ದು.

ಹಾಗಾದರೆ "ಸೊಪ್ಪು ಕೊಟ್ಟೆ, ವಾಸಿಯಾಯಿತು" ಎನ್ನುವವರೆಲ್ಲ ಸುಳ್ಳು ಹೇಳುತ್ತಾರೆಯೇ? ಇಲ್ಲ. ಅವರು ಕಂಡದ್ದನ್ನೇ ಹೇಳುತ್ತಾರೆ. ಕೋಳಿಗೆ ಬರುವ ಇನ್ನೊಂದು ವೈರಸ್ ರೋಗ ಸಿಡುಬು. ಜುಟ್ಟು, ರೆಪ್ಪೆ, ಕೊಕ್ಕಿನ ಸುತ್ತ ಗಂಟು ಗಂಟಾಗಿ ಕಪ್ಪು ಹುರುಪೆ ಏಳುತ್ತದೆ. ಅದಕ್ಕೆ ಬೇವು ಅರಿಶಿನ ಅರೆದು ಹಚ್ಚಿದರೆ ಮೂರು ನಾಲ್ಕು ವಾರದಲ್ಲಿ ವಾಸಿಯಾಗುತ್ತದೆ. ಚರ್ಮದ ಮೇಲೆ ಮಾತ್ರ ಬಂದ ಸಿಡುಬು ಏನೂ ಹಚ್ಚದಿದ್ದರೂ ಬಹುಮಟ್ಟಿಗೆ ಅಷ್ಟೇ ದಿನಕ್ಕೆ ವಾಸಿಯಾಗುತ್ತದೆ! ಹಚ್ಚಿದ್ದರಿಂದ ಹುಣ್ಣಿಗೆ ನೊಣ ಕೂರದೆ, ಕೀವಾಗದೆ ಉಳಿಯಿತು, ಅದು ನಿಜವಾದ ಲಾಭ, ನಾವೂ ಹಚ್ಚುತ್ತೇವೆ. ಆದರೆ ಗಂಟಲೊಳಗೆ ಸಿಡುಬು ಎದ್ದ ಕೋಳಿ ಉಸಿರುಗಟ್ಟಿ ಸಾಯುತ್ತದೆ, ಅಲ್ಲಿ ಹಚ್ಚಲು ಕೈ ಹೋಗುವುದಿಲ್ಲ. ಇನ್ನು ರಾಣಿಖೇತ್ ಬಂದಾಗ ನಾವು ಸೊಪ್ಪು ಹುಡುಕಿ ಅರೆಯುವ ಹೊತ್ತಿಗೆ ಸಾಯುವವು ಸತ್ತಿರುತ್ತವೆ. ಉಳಿದ ನಾಲ್ಕಕ್ಕೆ ಕೊಟ್ಟು, ಉಳಿಸಿದೆವು ಎಂದುಕೊಳ್ಳುತ್ತೇವೆ. ನಮ್ಮ ಮನೆಯಲ್ಲೂ ನಾಲ್ಕು ಉಳಿದವು. ಒಂದಕ್ಕೆ ಈಗಲೂ ಕತ್ತು ಸ್ವಲ್ಪ ವಾರೆ.

ಇನ್ನು ಗಿಡಮೂಲಿಕೆ ನಿಜವಾಗಿ ಎಲ್ಲಿ ಕೆಲಸಕ್ಕೆ ಬರುತ್ತದೆ ಎಂಬುದು. ಪಶುವೈದ್ಯ ಕಾಲೇಜುಗಳಲ್ಲಿ ಇದನ್ನು ಪರೀಕ್ಷಿಸುವ ಕ್ರಮ ಕೇಳಿದಾಗ ನನಗೆ ವಿಷಯ ತಿಳಿಯಾಯಿತು. ಕೋಳಿಯ ಕೆಂಪು ರಕ್ತಕಣಗಳಿಗೆ ರಾಣಿಖೇತ್ ವೈರಸ್ ಸೇರಿಸಿದರೆ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ರೋಗ ತಡೆಯುವ ಶಕ್ತಿ ಬಂದಿರುವ ಕೋಳಿಯ ರಕ್ತದ್ರವ ಮೊದಲೇ ಹಾಕಿದ್ದರೆ ಅಂಟುವುದಿಲ್ಲ. ಆ ದ್ರವವನ್ನು ಅರ್ಧ, ಕಾಲು, ಎಂಟನೆಯ ಒಂದು ಭಾಗ ಎಂದು ನೀರು ಬೆರೆಸುತ್ತ ಹೋಗಿ, ಎಷ್ಟು ತೆಳುವಾದರೂ ತಡೆಯುತ್ತದೆ ಎಂದು ನೋಡಿ ಅಂಕಿ ಕೊಡುತ್ತಾರೆ. ಲಸಿಕೆ ಹಾಕಿದ ಕೋಳಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮೇವಿನಲ್ಲಿ ಅರಿಶಿನವೋ ಬೆಳ್ಳುಳ್ಳಿಯೋ ಕೊಟ್ಟಾಗ ಆ ಅಂಕಿ ಕೆಲವು ಪ್ರಯೋಗಗಳಲ್ಲಿ ಏರಿದೆ, ಕೆಲವದರಲ್ಲಿ ಏರಿಲ್ಲ. ಗಮನಿಸಿ, ಎರಡೂ ಗುಂಪಿಗೆ ಲಸಿಕೆ ಹಾಕಿರುತ್ತಾರೆ. ಬಾಟಲಿಯ ಮೇಲೆ "ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ" ಎಂದು ಬರೆಯುವವರು ಈ ಒಂದು ಸಾಲನ್ನು ಮಾತ್ರ ಬಿಟ್ಟುಬಿಡುತ್ತಾರೆ. ರಾಣಿಖೇತ್ ಯಾವುದು ಎಂದು ಕೋಳಿಯ ಮೈಗೆ ಗುರುತು ಹೇಳಿಕೊಡುವುದು ಲಸಿಕೆ. ಮೂಲಿಕೆ ಆ ಮೈಯನ್ನು ಗಟ್ಟಿಯಾಗಿ ಇಡುತ್ತದೆ. ಗುರುತೇ ಸಿಗದ ಮೈ ಎಷ್ಟು ಗಟ್ಟಿಯಿದ್ದರೂ ಈ ರೋಗದ ಮುಂದೆ ನಿಲ್ಲುವುದಿಲ್ಲ. ನಮ್ಮ ಇಪ್ಪತ್ತಮೂರು ಕೋಳಿ ಕೊಬ್ಬಿ ಮಿರಿಮಿರಿ ಎನ್ನುತ್ತಿದ್ದವು.

ದೊಡ್ಡ ಫಾರಂಗಳಲ್ಲೂ ಮೂಲಿಕೆಯ ಪುಡಿಗೆ ಬೇಡಿಕೆ ಏರಿದೆ, ಅದಕ್ಕೆ ಕಾರಣ ವೈರಸ್ಸಲ್ಲ. ಮೇವಿನಲ್ಲಿ ಆಂಟಿಬಯಾಟಿಕ್ ಬೆರೆಸಿ ಕೋಳಿ ಬೆಳೆಸುವುದನ್ನು ಯುರೋಪು 2006ರಲ್ಲಿ ನಿಲ್ಲಿಸಿತು. ನಮ್ಮ ಸರ್ಕಾರ ಕೊಲಿಸ್ಟಿನ್ ಎಂಬ ಔಷಧವನ್ನು 2019ರಲ್ಲಿ ಕೋಳಿ, ಜಾನುವಾರುಗಳಿಗೆ ನಿಷೇಧಿಸಿತು. ಅದರ ಜಾಗಕ್ಕೆ ಕರುಳನ್ನು ಚೆನ್ನಾಗಿಡುವ ಮೂಲಿಕೆಗಳು ಬಂದವು. ಒಳ್ಳೆಯದೇ. ಆದರೆ ಆ ಫಾರಂನವರು ಒಂದೇ ಒಂದು ಲಸಿಕೆಯನ್ನೂ ತಪ್ಪಿಸುವುದಿಲ್ಲ.

ಮನೆಯಲ್ಲಿ ಕೊಡುವವರಿಗೆ ನನ್ನ ಅನುಭವದ ನಾಲ್ಕು ಮಾತು. ದೊಡ್ಡ ಕೋಳಿ ದಿನಕ್ಕೆ 100ರಿಂದ 120 ಗ್ರಾಂ ಮೇವು ತಿನ್ನುತ್ತದೆ. ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಸುವುದು ಕಿಲೋ ಮೇವಿಗೆ 5ರಿಂದ 10 ಗ್ರಾಂ ಒಣಪುಡಿ. ಅಂದರೆ ಒಂದು ಕೋಳಿಯ ಪಾಲಿಗೆ ದಿನಕ್ಕೆ ಹೆಚ್ಚೆಂದರೆ ಸುಮಾರು ಒಂದು ಗ್ರಾಂ, ಹತ್ತು ಕೋಳಿಗೆ ಎರಡು ಚಮಚ ಸಾಕು. ಒಳ್ಳೆಯದೆಂದು ಬೇವಿನ ಸೊಪ್ಪು ಹಿಡಿಗಟ್ಟಲೆ ಹಾಕಿದರೆ ಕಹಿಗೆ ಕೋಳಿ ಮೇವನ್ನೇ ಬಿಡುತ್ತದೆ. ಬೆಳ್ಳುಳ್ಳಿ ಹೆಚ್ಚಾದರೆ ಮೊಟ್ಟೆಗೆ ವಾಸನೆ ಬರುತ್ತದೆ ಎಂದು ನಮ್ಮ ಮನೆಗೆ ಮೊಟ್ಟೆಗೆ ಬರುವವರೇ ಹೇಳಿದ್ದಾರೆ. ಹಸಿಯಾಗಿ ಅರೆದದ್ದು ಅವತ್ತಿಗೇ ಮುಗಿಯಬೇಕು.

ಈ ಕೊನೆಯ ಮಾತು ಚಿಕ್ಕದೆನಿಸಬಹುದು, ಚಿಕ್ಕದಲ್ಲ. ತೇವಕ್ಕೆ ಮೇವಿನಲ್ಲಿ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ. ಮೆಕ್ಕೆಜೋಳ, ಕಡಲೆಕಾಯಿ ಹಿಂಡಿ ಎರಡಕ್ಕೂ ಈ ಬಾಧೆ ಹೆಚ್ಚು. ಅದು ಯಕೃತ್ತನ್ನು ಕೆಡಿಸುವುದಲ್ಲದೆ ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸುತ್ತದೆ, ಅಂಥ ಕೋಳಿಗೆ ಲಸಿಕೆ ಹಾಕಿದರೂ ಸರಿಯಾಗಿ ಹಿಡಿಯುವುದಿಲ್ಲ. ಮೂಲಿಕೆಯ ಪುಡಿಯನ್ನೇ ಅರೆಬರೆ ಒಣಗಿಸಿ ಡಬ್ಬಿಯಲ್ಲಿ ತುಂಬಿಟ್ಟರೆ ಅದೇ ಬೂಷ್ಟು ಅದಕ್ಕೂ ಬರುತ್ತದೆ. ರೂಪಾಯಿ ಖರ್ಚಿಲ್ಲದ ಉಪಾಯ ಮೇವಿನ ಚೀಲವನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡುವುದು. ಸಂತೆಯಿಂದ ತಂದ ಕೋಳಿಯನ್ನು ಎರಡು ವಾರ ಬೇರೆ ಕಟ್ಟುವುದೂ ಅಷ್ಟೇ ಅಗ್ಗದ ಉಪಾಯ. ಆ ಹುಂಜವನ್ನು ಬೇರೆ ಬುಟ್ಟಿಯಡಿ ಮುಚ್ಚಿದ್ದರೆ ಎಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ, ನಾನು ಉತ್ತರ ಕೊಡುವುದಿಲ್ಲ.

ಲಸಿಕೆಯ ಕ್ರಮ ಹೀಗಿದೆ. ಮರಿಗೆ 5ರಿಂದ 7 ದಿನವಾದಾಗ ಎಫ್ ತಳಿಯ ಅಥವಾ ಲಸೋಟಾ ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ. ನಾಲ್ಕನೆಯ ವಾರ ಮತ್ತೆ ಲಸೋಟಾ. ಎಂಟು ವಾರ ತುಂಬಿದ ಮೇಲೆ ಆರ್‌ಟುಬಿ ಎಂಬ ಸೂಜಿ, ರೆಕ್ಕೆಯ ಅಡಿಯ ಚರ್ಮಕ್ಕೆ ಅರ್ಧ ಮಿಲಿಲೀಟರ್. ಈ ಆರ್‌ಟುಬಿಗೆ ಮುಕ್ತೇಶ್ವರ ತಳಿ ಎಂದೂ ಹೆಸರು. ಮುಕ್ತೇಶ್ವರವೂ ಅದೇ ಕುಮಾವೂನ್ ಬೆಟ್ಟದ ಊರು, ರೋಗದ ಹೆಸರೂ ಮದ್ದಿನ ಹೆಸರೂ ಒಂದೇ ಸೀಮೆಯಿಂದ ಬಂದಿವೆ. ಅದು ಸ್ವಲ್ಪ ಬಿಸಿಯಾದ ಲಸಿಕೆ, ಎಳೆ ಮರಿಗಳಿಗೆ ಹಾಕಬಾರದು. ಆಮೇಲೆ ಎಷ್ಟು ತಿಂಗಳಿಗೊಮ್ಮೆ ಎಂಬುದನ್ನು ತಮ್ಮ ಊರಿನ ಪಶುವೈದ್ಯರನ್ನೇ ಕೇಳಬೇಕು. ಆಗಲೇ ಮಂಕಾಗಿರುವ ಕೋಳಿಗೆ ಹಾಕಬಾರದು. ಹನಿ ನಮ್ಮ ಕಣ್ಣಿಗೆ ಸಿಡಿದರೆ ಎರಡು ದಿನ ಕಣ್ಣು ಕೆಂಪಾಗುತ್ತದೆ, ಕೈ ತೊಳೆದುಕೊಳ್ಳಿ.

ಕೆಲವರು ಲಸಿಕೆ ಹಾಕಿಸಿಯೂ ಕೋಳಿ ಸತ್ತವು ಎನ್ನುತ್ತಾರೆ. ಅದೂ ನಡೆಯುತ್ತದೆ. ಇದು ಜೀವಂತ ವೈರಸ್ಸಿನ ಲಸಿಕೆ, 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಮಧ್ಯಾಹ್ನದ ಬಸ್ಸಿನಲ್ಲಿ ಬಂದರೆ ಮನೆ ಸೇರುವುದು ಬರೀ ನೀರು. ಐಸ್ ತುಂಬಿದ ಫ್ಲಾಸ್ಕ್ ಒಯ್ಯಿರಿ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಿ. ಕುಡಿಯುವ ನೀರಿನಲ್ಲಿ ಕೊಡುವುದಾದರೆ ಕ್ಲೋರಿನ್ ಹಾಕಿದ ನಲ್ಲಿ ನೀರು ಬೇಡ, ಅದು ಲಸಿಕೆಯನ್ನೇ ಕೊಲ್ಲುತ್ತದೆ. ಬಾವಿ ನೀರಿಗೆ ಲೀಟರಿಗೆ 5 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಬೆರೆಸುವುದು ರೂಢಿ. ಆ ದಿನ ನೀರಿಗೆ ಮೂಲಿಕೆಯ ದ್ರಾವಣ ಹಾಕಬೇಡಿ, ನಿಮ್ಮ ಮೂಲಿಕೆಯನ್ನು ಮೇವಿನಲ್ಲೇ ಇಟ್ಟುಕೊಳ್ಳಿ.

ಇನ್ನೊಂದು ಎಚ್ಚರಿಕೆ. ಕೇರಳದ ಕಡೆ ಹಕ್ಕಿಜ್ವರದ ಸುದ್ದಿ ಆಗಾಗ ಬರುತ್ತದೆ. ಮುಖ ಊದಿ, ಜುಟ್ಟು ನೀಲಿಗಟ್ಟಿ ಒಮ್ಮೆಲೇ ಹಲವು ಕೋಳಿ ಬಾತು ಸತ್ತರೆ ಕಷಾಯ ಕಾಯಿಸುತ್ತ ಕೂರಬೇಡಿ. ಬರಿಗೈಯಲ್ಲಿ ಮುಟ್ಟಬೇಡಿ, ಅಡುಗೆಗೆ ಕೊಯ್ಯಬೇಡಿ, ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಅದು ಮನುಷ್ಯರಿಗೂ ಬರುವ ರೋಗ.

ಇಷ್ಟೆಲ್ಲ ಗೊತ್ತಿದ್ದೂ ನಮ್ಮವರು ಲಸಿಕೆ ಹಾಕಿಸದಿರುವುದಕ್ಕೆ ಸೋಮಾರಿತನ ಮಾತ್ರ ಕಾರಣವಲ್ಲ. ಒಂದು ಸೀಸೆಯಲ್ಲಿ ಕನಿಷ್ಠ ನೂರು ಕೋಳಿಗೆ ಆಗುವಷ್ಟು ಲಸಿಕೆ ಇರುತ್ತದೆ. ಎಂಟು ಕೋಳಿ ಇರುವ ವಿಧವೆ ಹೆಂಗಸು ಅದನ್ನು ತಂದು ತೊಂಬತ್ತೆರಡು ಪಾಲು ಚೆಲ್ಲಬೇಕು. ಬಾಟಲಿಯ ಮೂಲಿಕೆ ಗೆಲ್ಲುವುದು ಇಲ್ಲೇ, ಅದನ್ನು ಎಂಟು ಕೋಳಿಗೂ ತರಬಹುದು, ಕಪಾಟಿನಲ್ಲಿ ಇಡಬಹುದು. ಮನೆಕೋಳಿಗಾಗಿಯೇ ಮೇವಿನಂತೆ ತಿನ್ನಿಸುವ ಗುಳಿಗೆಯ ಲಸಿಕೆಯನ್ನು ತಮಿಳುನಾಡು ಪಶುವೈದ್ಯ ವಿಶ್ವವಿದ್ಯಾಲಯದವರು ತಯಾರಿಸಿದ್ದಾರೆ. ಸಿಗುವುದಾದರೆ ಕೇಳಿ ನೋಡಿ. ತಮಿಳುನಾಡಿನ ಪಶುಸಂಗೋಪನಾ ಇಲಾಖೆ ಫೆಬ್ರವರಿಯಲ್ಲಿ ಎರಡು ವಾರ ಮನೆಕೋಳಿಗಳಿಗೆ ಉಚಿತ ಲಸಿಕೆ ಶಿಬಿರ ನಡೆಸುವ ಪದ್ಧತಿಯೂ ಇದೆ. ಪ್ರಕಟಣೆ ತಮಿಳಿನಲ್ಲಿ ಇರುತ್ತದೆ. "ಕೋಳಿ ವೆಳ್ಳೈ ಕಳಿಚ್ಚಲ್ ತಡುಪ್ಪೂಸಿ" ಎಂದು ಮೈಕಿನಲ್ಲಿ ಕೂಗಿದರೆ ಅದು ನಮ್ಮ ಕೊಕ್ಕರೆ ರೋಗದ ಲಸಿಕೆಯೇ.

ಕಾರ್ಯಕಾರಿ ಸಮಿತಿಯಲ್ಲಿ ಈ ವಿಷಯ ಇಟ್ಟಾಗ ಒಬ್ಬರು, ಸಂಘ ಇರುವುದು ಭಾಷೆಗೆ, ಕೋಳಿಗಲ್ಲ ಎಂದರು. ಭಾಷೆ ತಿಳಿಯದೆ ಕೋಳಿ ಸಾಯುವಾಗ ಎರಡನ್ನೂ ಬೇರೆ ಮಾಡುವುದು ಹೇಗೆಂದು ನನಗೆ ತಿಳಿಯಲಿಲ್ಲ. ಕೊನೆಗೆ ಒಪ್ಪಿದರು. ಹೊಸೂರು ಸುತ್ತಿನ ಸದಸ್ಯರು ಮುಂದಿನ ತಿಂಗಳ ಸಭೆಗೆ ಬರುವಾಗ ತಮ್ಮ ಮನೆಯ ಕೋಳಿಗಳ ಸಂಖ್ಯೆ, ಅದರಲ್ಲಿ ಎಂಟು ವಾರದೊಳಗಿನ ಮರಿಗಳೆಷ್ಟು ಎಂದು ಬರೆದು ತರಬೇಕು. ಅಕ್ಕಪಕ್ಕದ ಹತ್ತು ಮನೆ ಸೇರಿದರೆ ಒಂದು ಸೀಸೆ ವ್ಯರ್ಥವಾಗದು. ರಿಜಿಸ್ಟರ್ ನಾನು ಇಡುತ್ತೇನೆ. ಕಾಸರಗೋಡು, ರಾಯದುರ್ಗ, ಜತ್ತದ ಕಡೆಯ ಸದಸ್ಯರು ತಮ್ಮಲ್ಲಿನ ಲಸಿಕೆ ಕರಪತ್ರದ ಫೋಟೋ ಕಳಿಸಿದರೆ ಕನ್ನಡದಲ್ಲಿ ಬರೆದು ಇದೇ ಪುಟದಲ್ಲಿ ಹಾಕುತ್ತೇವೆ. ಸಭೆಗೆ ಬರುವವರಲ್ಲಿ ಯಾರ ಮನೆಯಲ್ಲಾದರೂ ಅಗಲ ಬಾಯಿಯ ಫ್ಲಾಸ್ಕ್ ಇದ್ದರೆ ದಯವಿಟ್ಟು ತನ್ನಿ, ಸಂಘದ ಫ್ಲಾಸ್ಕಿನ ಮುಚ್ಚಳ ಒಡೆದಿದೆ.

ಕಾರ್ಯದರ್ಶಿ